ಕುರಿ ಹಟ್ಟಿ ತಿರುಗುತ್ತಾ ನಾನು ಬರೆದ ನಮ್ಮ ಸೀಮೆಯ ಪ್ರಾಣಿಗಳ ಪಟ್ಟಿ

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಡಾಕ್ಟರಲ್ಲ, ಪರೀಕ್ಷಕ. ಹಟ್ಟಿಗಳಲ್ಲಿ ಮಾತ್ರ ಎಲ್ಲರೂ ಡಾಕ್ಟ್ರೇ ಅಂತಲೇ ಕರೆಯುತ್ತಾರೆ, ತಿದ್ದಿ ತಿದ್ದಿ ಸಾಕಾಗಿ ಸುಮ್ಮನಾಗಿದ್ದೇನೆ. ತುಮಕೂರು ಜಿಲ್ಲೆಯ ಉತ್ತರಕ್ಕೆ, ಶಿರಾ, ಮಧುಗಿರಿ, ಪಾವಗಡದ ಕಡೆ, ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಕುರಿ ಮೇಕೆಗಳಿಗೆ ಲಸಿಕೆ ಹಾಕುತ್ತಾ ತಿರುಗುತ್ತೇನೆ. ರೊಪ್ಪಕ್ಕೆ ಬೆಳಗ್ಗೆ ಆರಕ್ಕೆಲ್ಲ ಹೋಗಿರಬೇಕು, ಕುರಿ ಮೇಯಲು ಬಿಟ್ಟ ಮೇಲೆ ಹೋದರೆ ಒಂದೂ ಕೈಗೆ ಸಿಗಲ್ಲ. ಆ ಹೊತ್ತಿನಲ್ಲಿ ದಾರಿಯಲ್ಲಿ ಇರೋದು ನಾನು, ಮತ್ತೆ ರಾತ್ರಿಯೆಲ್ಲ ತಿರುಗಿ ಪೊದೆ ಸೇರಲು ಹೊರಟ ಪ್ರಾಣಿಗಳು. ಪಟ್ಟಿ ಬರೆಯುವ ಹುಚ್ಚು ಹತ್ತಿದ್ದು ಹಾಗೆ.

ಆದರೆ ಸರಿಯಾಗಿ ಬರೆಯಬೇಕು ಅನ್ನೋ ಬುದ್ಧಿ ಬಂದಿದ್ದು ಒಂದು ತಪ್ಪಿನಿಂದ. ಒಂದು ಬೇಸಿಗೆಯಲ್ಲಿ ಒಂದು ಗೊಲ್ಲರಹಟ್ಟಿಯಲ್ಲಿ ಒಂದೇ ರಾತ್ರಿ ಎಂಟು ಕುರಿ ಬಿದ್ದಿದ್ದವು. ಊರವರು ತೋಳ ಅಂದರು, ನಾನೂ ತೋಳ ಅಂತ ಬರೆದೆ. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜ ಸುಮ್ನೆ ನೋಡುತ್ತಿದ್ದವರು ಕೊನೆಗೆ ಬಾಯಿ ಬಿಟ್ಟರು. "ತೋಳ ಅಲ್ಲ ಕಣ್ ಸಾಮಿ. ತೋಳ ಕುತ್ತಿಗೆಗೆ ಬಾಯಿ ಹಾಕ್ತದೆ, ಒಂದನ್ನ ಹೊತ್ಕೊಂಡು ಹೋಗ್ತದೆ. ಹಿಂಗಾಲು, ಕೆಚ್ಚಲು, ಸಿಕ್ಕಸಿಕ್ಕಲ್ಲಿ ಕಚ್ಚಿ ಎಂಟು ಕೆಡವಿ ಒಂದನ್ನೂ ತಿನ್ನದೆ ಹೋಗೋದು ನಾಯಿ." ಗಾಯ ತಿರುಗಿಸಿ ನೋಡಿದೆ. ಅವರು ಹೇಳಿದ ಹಾಗೇ ಇತ್ತು. ಅಲ್ಲಿವರೆಗೆ ನಾನು ತೋಳ ಅಂತ ಬರೆದಿದ್ದರಲ್ಲಿ ಎಷ್ಟು ನಾಯಿ ಇದ್ದವೋ.

ಅವತ್ತೇ ಹೊಸ ನೋಟ್‌ಬುಕ್ ತಂದೆ. ನಿಯಮ ಒಂದೇ: ಕಣ್ಣಾರೆ ನೋಡಿದ್ದು, ಹೆಜ್ಜೆ, ಹಿಕ್ಕೆ, ಸತ್ತು ಬಿದ್ದಿದ್ದು, ಇವು ಪೆನ್ನಿನಲ್ಲಿ. ಬೇರೆಯವರು ಹೇಳಿದ್ದು ಪೆನ್ಸಿಲ್‌ನಲ್ಲಿ. ನಾನೇ ಹೋಗಿ ನೋಡಿ ಖಾತ್ರಿಯಾದ ಮೇಲೆ ಪೆನ್ಸಿಲ್ ಮೇಲೆ ಪೆನ್ನು.

ಮೊದಲ ತೊಡಕು ಹೆಸರಿನದು. ನಮ್ಮ ಕಡೆ ನರಿ ಅಂದರೆ ಎರಡು ಪ್ರಾಣಿ. ಗುಂಪಾಗಿ ಊಳಿಡುವ ದೊಡ್ಡ ನರಿ ಒಂದು, ಬಯಲಿನಲ್ಲಿ ಬಿಲ ತೋಡಿ ಮರಿ ಹಾಕುವ ಸಣ್ಣ ಕಂಕನರಿ ಇನ್ನೊಂದು. ಕಿರುಬ ಅಂದರೆ ಕೆಲವರಿಗೆ ಕತ್ತೆಕಿರುಬ, ಕೆಲವರಿಗೆ ಚಿರತೆ. ಜಿಂಕೆ ಅಂದರಂತೂ ಕೊಂಬಿರೋದೆಲ್ಲ ಜಿಂಕೆಯೇ. ಹಾಗಾಗಿ ಹೆಸರು ಕೇಳೋದನ್ನೇ ಬಿಟ್ಟೆ. "ಬೆಕ್ಕಿನಷ್ಟಿತ್ತಾ, ನಾಯಿಯಷ್ಟಿತ್ತಾ? ಬಾಲ ಹೇಗಿತ್ತು? ಓಡಿ ಎಲ್ಲಿ ಹೋಯ್ತು?" ಇಷ್ಟೇ ಕೇಳೋದು. ಕಂಕನರಿ ಎರಡು ಮೂರು ಕೆಜಿ ತೂಗುತ್ತೆ ಅಷ್ಟೇ, ಬೆಕ್ಕಿಗಿಂತ ಸ್ವಲ್ಪ ಎತ್ತರ, ಬಾಲ ಮಾತ್ರ ಪೊರಕೆ ಥರ ದಪ್ಪ, ತುದಿ ಕಪ್ಪು. ಇದನ್ನು ಕೇಳಿದರೆ ಕುರಿ ಕಾಯುವ ಹುಡುಗರೂ ತಪ್ಪಿಲ್ಲದೆ ಹೇಳುತ್ತಾರೆ.

ಹೆಜ್ಜೆ ಓದೋದು ನಿಧಾನಕ್ಕೆ ಬಂತು. ಚಿರತೆ ಹೆಜ್ಜೆಯಲ್ಲಿ ಉಗುರು ಮೂಡಲ್ಲ, ನಾಯಿ ಜಾತಿಯದರಲ್ಲಿ ಮೂಡುತ್ತೆ. ತೋಳನ ಹೆಜ್ಜೆಯನ್ನು ದೊಡ್ಡ ನಾಯಿಯದರಿಂದ ಬೇರೆ ಮಾಡೋದು ಒಂದೇ ಹೆಜ್ಜೆ ನೋಡಿದರೆ ಆಗದ ಮಾತು, ಸಾಲನ್ನು ನೋಡಬೇಕು. ನಾಯಿ ಅತ್ತ ಮೂಸಿ ಇತ್ತ ಮೂಸಿ ಅಂಕುಡೊಂಕಾಗಿ ಹೋಗುತ್ತೆ, ತೋಳ ದಾರ ಹಿಡಿದ ಹಾಗೆ ನೇರ ಹೋಗುತ್ತೆ. ಕತ್ತೆಕಿರುಬನದು ಮುಂಗಾಲು ದೊಡ್ಡದು, ಹಿಂಗಾಲು ಸಣ್ಣದು, ಮೂಳೆ ಅರಗಿಸಿಕೊಳ್ಳೋದರಿಂದ ಅದರ ಮಲ ಒಣಗಿದರೆ ಸುಣ್ಣದ ಉಂಡೆ ಥರ ಬೆಳ್ಳಗೆ. ಕರಡಿಯದರಲ್ಲಿ ಗೆದ್ದಲು, ಇಲ್ಲ ಹಣ್ಣಿನ ಬೀಜ ತುಂಬಿರುತ್ತೆ. ಮನೆಯವಳು ಕಳಿಸಿದ ಊಟದ ಡಬ್ಬಿಯನ್ನೇ ಒಂದು ಸಲ ಇದಕ್ಕೆ ಬಳಸಿ ಬೈಸಿಕೊಂಡಿದ್ದೂ ಆಯ್ತು.

ಆಮೇಲೆ ಒಂದು ಕ್ಯಾಮೆರಾ ಟ್ರ್ಯಾಪ್ ಕೊಂಡೆ, ಎದುರಿಗೆ ಏನಾದರೂ ಅಲ್ಲಾಡಿದರೆ ತಾನಾಗೇ ಫೋಟೊ ತೆಗೆಯುವಂಥದ್ದು. ಕಾಡಿನ ಜಾಗದಲ್ಲಿ ಅನುಮತಿ ಇಲ್ಲದೆ ಇಡುವ ಹಾಗಿಲ್ಲ, ಅದಕ್ಕೆ ನಮ್ಮದೇ ಹೊಲದ ಬದುವಿನಲ್ಲಿ ಕಟ್ಟಿದೆ. ಮೊದಲ ರಾತ್ರಿ ಸಾವಿರಕ್ಕೂ ಜಾಸ್ತಿ ಫೋಟೊ, ಅಷ್ಟರಲ್ಲೂ ಗಾಳಿಗೆ ಆಡುವ ಹುಲ್ಲು. ಮುಂದಿನ ಹುಲ್ಲು ಸವರಿ, ಮೊಣಕಾಲೆತ್ತರಕ್ಕೆ ಕಟ್ಟಿ, ಬೆಳಗಿನ ಬಿಸಿಲು ನೇರ ಬೀಳದ ಹಾಗೆ ಉತ್ತರಕ್ಕೆ ಮುಖ ಮಾಡಿದ ಮೇಲೆ ಸರಿಹೋಯ್ತು. ಆರು ತಿಂಗಳಲ್ಲಿ ಮೊಲ, ಮುಳ್ಳುಹಂದಿ, ಪುನುಗಿನ ಬೆಕ್ಕು, ಕಾಡುಬೆಕ್ಕು, ಮುಂಗುಸಿ, ಕಂಕನರಿ, ಮೂರು ಸಲ ಚಿರತೆ. ನಮ್ಮ ಕಡ್ಲೆಕಾಯಿ ಹೊಲದಲ್ಲಿ! ಅಪ್ಪನಿಗೆ ಫೋಟೊ ತೋರಿಸಿದರೆ "ನನಗೆ ಗೊತ್ತಿತ್ತು ಬಿಡು, ಹೇಳಿದ್ರೆ ನೀರು ಕಟ್ಟೋಕೆ ನೀನು ಬರ್ತಿರಲಿಲ್ಲ" ಅಂದರು.

ಪಟ್ಟಿ ಬೆಳೀತಾ ಹೋದ ಹಾಗೆ ಪ್ರತಿ ಹೆಸರಿನ ಮುಂದೆ ಅದರ ಸ್ಥಿತಿ ಬರೆಯಲು ಶುರು ಮಾಡಿದೆ. ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ (ಯಾವ ಪ್ರಾಣಿ ಎಷ್ಟು ಅಪಾಯದಲ್ಲಿದೆ ಅಂತ ಜಗತ್ತಿನ ಮಟ್ಟದಲ್ಲಿ ಹೇಳುವ ಸಂಸ್ಥೆಯ ಪಟ್ಟಿ) ಏನಿದೆ, ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಯಾವ ಅನುಸೂಚಿ ಅಂತ. ಇಲ್ಲಿ ತಲೆ ಕೆಟ್ಟಿತು. ತೋಳ ಕೆಂಪು ಪಟ್ಟಿಯಲ್ಲಿ ಒಂದು ಜಾತಿಯಾಗಿ "ಆತಂಕ ಕಡಿಮೆ" ಅನ್ನೋ ಗುಂಪಿನಲ್ಲಿದೆ, ಯಾಕಂದರೆ ಯುರೋಪು, ಅಮೆರಿಕ ಎಲ್ಲ ಸೇರಿಸಿದರೆ ಲೆಕ್ಕಕ್ಕೆ ಬೇಕಾದಷ್ಟಿವೆ. ನಮ್ಮ ಬಯಲಿನ ತೋಳ ಇಡೀ ಭಾರತದಲ್ಲಿ ಸುಮಾರು 3,000 ಅಂತ ಅಂದಾಜು. ನಮ್ಮ ಕಾಯ್ದೆ ಅದನ್ನು ಒಂದನೇ ಅನುಸೂಚಿಯಲ್ಲಿ ಇಟ್ಟಿದೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಕಾಗದದ ಮೇಲೆ ತೋಳಕ್ಕೂ ಇದೆ. ಅದೇ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕಿತ್ತುಕೊಳ್ಳುವ ಸಾಮಾನ್ಯ ಕೋತಿ ಕೆಂಪು ಪಟ್ಟಿಯಲ್ಲಿ ಚಿರತೆ, ಕರಡಿಗಳ ಸಾಲಿನಲ್ಲಿ ಕೂತಿದೆ, "ಅಪಾಯಕ್ಕೆ ಸಿಲುಕಬಹುದಾದವು" ಅನ್ನೋ ಗುಂಪಿನಲ್ಲಿ. ಮೊದಲು ನಗು ಬಂತು. ಆಮೇಲೆ ಓದಿದರೆ, ಈ ಕೋತಿ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ರಸ್ತೆ ಅಗಲ ಮಾಡುವಾಗ ಕಡಿದ ಆಲದ ಮರಗಳ ಸಾಲೇ ಅದರ ಮನೆ. ಉತ್ತರದ ಕೆಂಪು ಮೂತಿಯ ಕೋತಿ ಬೇರೆ ಕೆಳಕ್ಕೆ ಹರಡುತ್ತಾ ಬರುತ್ತಿದೆ. ದಿನಾ ಕಾಣುತ್ತೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ಅಲ್ಲ.

ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಏಪ್ರಿಲ್‌ನಿಂದ ಜಾರಿಗೆ ಬಂತು. ಆರು ಅನುಸೂಚಿ ಇದ್ದದ್ದು ನಾಲ್ಕಾಯಿತು. ಕತ್ತೆಕಿರುಬ, ದೊಡ್ಡ ನರಿಗಳೂ ಒಂದನೇ ಅನುಸೂಚಿಗೆ ಬಂದವು. ಒಳ್ಳೆಯದೇ. ಆದರೆ ನಮ್ಮ ನೋಟ್‌ಬುಕ್ಕಿನಲ್ಲಿ ಕತ್ತೆಕಿರುಬ ಪೆನ್ನಿನಲ್ಲಿ ಇರೋದು ಎರಡೇ ಸಲ, ಅದರಲ್ಲಿ ಒಂದು ಹೆದ್ದಾರಿ ಪಕ್ಕ ಸತ್ತು ಬಿದ್ದಿದ್ದು.

ಚಿಪ್ಪುಹಂದಿ ಒಂದೇ ಸಲ. ಅದೂ ಹೇಗೆ ಗೊತ್ತಾ? ಒಬ್ಬ ಆಸ್ಪತ್ರೆಗೆ ಬಂದು ಮೊಬೈಲಿನಲ್ಲಿ ಫೋಟೊ ತೋರಿಸಿ "ಇದು ಎಷ್ಟಕ್ಕೆ ಹೋಗುತ್ತೆ ಸಾರ್" ಅಂದ. ಜೈಲಿಗೆ ಹೋಗುತ್ತೀಯ ಅಂದೆ. ಅದರ ಚಿಪ್ಪು ಅಂದರೆ ನಮ್ಮ ಉಗುರು ಇದೆಯಲ್ಲ, ಅದೇ ವಸ್ತು. ಅದಕ್ಕೇ ಔಷಧಿ ಅಂತ ಹೇಳಿಕೊಂಡು ಕೊಂದು ಕೊಂದು ಇವತ್ತು "ಅಳಿವಿನಂಚು" ಮುಟ್ಟಿಸಿದ್ದಾರೆ. ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 2016ರಲ್ಲೇ ನಿಷೇಧಿಸಿದ್ದಾರೆ. ಆ ದಿನ ಅರಣ್ಯದವರಿಗೆ ಫೋನ್ ಮಾಡಿದೆ, ಅವರು ಬಂದರು, ಪ್ರಾಣಿ ಬದುಕಿತ್ತು. ನೋಟ್‌ಬುಕ್ಕಿನಲ್ಲಿ ಜಾಗದ ಹೆಸರು ಬರೆಯಲಿಲ್ಲ.

ಜಾಗ ಬರೆಯದಿರೋದನ್ನು ಕಲಿತದ್ದು ಕೂಡ ಪೆಟ್ಟು ತಿಂದೇ. ಅದಕ್ಕೂ ಮುಂಚೆ ಒಮ್ಮೆ ಕಂಕನರಿ ಬಿಲ, ಬಾಗಿಲಲ್ಲಿ ನಾಲ್ಕು ಮರಿ, ಎಂಥಾ ಚೆಂದದ ಫೋಟೊ ಅಂತ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ವಾರದೊಳಗೆ ಯಾರೋ ಬಿಲ ಅಗೆದಿದ್ದರು. ನರಿ ಮುಖ ನೋಡಿದರೆ ಅದೃಷ್ಟ ಅನ್ನೋ ಜನಕ್ಕೆ ನರಿಕೊಂಬು ಸಿಕ್ಕಿದರೆ ಇನ್ನೇನು ಬೇಕು. ನರಿಗೆ ಕೊಂಬೇ ಇಲ್ಲ ಮಾರಾಯ್ರೇ! ಹೇಳಿ ಪ್ರಯೋಜನವಿಲ್ಲ, ಸಂತೆಯಲ್ಲಿ ಮಾರುತ್ತಾರೆ, ಕೊಳ್ಳುತ್ತಾರೆ. ಈಗ ನಾನು ದಾಖಲೆ ಹಾಕೋದು ಕಂಡ ಜೀವಿಗಳನ್ನು ದಾಖಲಿಸುವ ವೆಬ್‌ಸೈಟು ಐನ್ಯಾಚುರಲಿಸ್ಟ್‌ನಲ್ಲಿ ಮಾತ್ರ. ಅಪಾಯದಲ್ಲಿರುವ ಜಾತಿಗಳ ನಿಖರ ಜಾಗವನ್ನು ಅದು ತಾನೇ ಮಸುಕು ಮಾಡುತ್ತೆ. ಮಿಕ್ಕವಕ್ಕೆ ನಾನೇ ಮಸುಕು ಮಾಡುತ್ತೇನೆ.

ಕೊಂಬಿನ ಮಾತು ಬಂತಲ್ಲ, ಜಿಂಕೆಗಳ ಕಥೆ ಹೇಳಬೇಕು. ಮಧುಗಿರಿ ತಾಲ್ಲೂಕಿನ ಆಂಧ್ರ ಗಡಿಯಲ್ಲಿ ಮೈದನಹಳ್ಳಿ ಇದೆ, ಅಲ್ಲಿನ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಮೀಸಲು. 798 ಎಕರೆ ಅಷ್ಟೇ. ಮೊದಲ ಸಲ ನೋಡಿದಾಗ ಗಂಡುಗಳು ತಿರುಚಿದ ಕೊಂಬು ಬೆನ್ನಿಗೆ ಹಾಕಿಕೊಂಡು ನೆಗೆಯೋದನ್ನು ನೋಡಿ ಐಸ್ ಕರಗಿ ಲಸಿಕೆ ಬಿಸಿಯಾಗಿದ್ದೂ ಗೊತ್ತಾಗಲಿಲ್ಲ. (ಆಮೇಲೆ ಆ ಬಾಟಲಿ ಎಸೆದು ಹೊಸದು ತಂದೆ, ಗಾಬರಿ ಬೇಡ.) ಬೇಲಿಯಾಚೆ ರಾಗಿ, ಕಡ್ಲೆಕಾಯಿ ಮೇಯುತ್ತವೆ ಅಂತ ರೈತರ ಗೋಳು, ಅದೂ ಸುಳ್ಳಲ್ಲ.

ಶಿರಾ, ಚಿಕ್ಕನಾಯಕನಹಳ್ಳಿ ನಡುವಿನ ಬುಕ್ಕಾಪಟ್ಟಣದ ಕಾಡು ಇನ್ನೂ ವಿಶೇಷ. ಚಿಂಕಾರ ಅಂದರೆ ರಾಜಸ್ಥಾನದ ಪ್ರಾಣಿ, ನಮ್ಮಲ್ಲಿ ಇದ್ದರೆ ಬಾಗಲಕೋಟೆ ಕಡೆ ಅಂತಿದ್ದರು. ಸಂಶೋಧಕರ ಕ್ಯಾಮೆರಾಕ್ಕೆ ಇಲ್ಲಿ ಸಿಕ್ಕಿತು, 2019ರಲ್ಲಿ ಚಿಂಕಾರ ವನ್ಯಧಾಮ ಆಯಿತು, 136 ಚದರ ಕಿಲೋಮೀಟರು. ಕೃಷ್ಣಮೃಗ, ಚಿಂಕಾರ, ಕೊಂಡುಕುರಿ ಮೂರೂ ಅಲ್ಲಿವೆ. ಕೊಂಡುಕುರಿ ಗಂಡಿಗೆ ನಾಲ್ಕು ಕೊಂಬು, ಕಾಡುಪ್ರಾಣಿಗಳಲ್ಲಿ ಇನ್ಯಾವುದಕ್ಕೂ ಹಾಗಿಲ್ಲ. ನಮ್ಮ ಕುರಿಗಾಹಿಗಳಿಗೆ ಇದೆಲ್ಲ ಹೊಸ ಸುದ್ದಿಯಲ್ಲ. "ಅದಾ? ನಮ್ಮಪ್ಪನ ಕಾಲದಿಂದ ಐತಲ್ಲ" ಅಂದರು ಒಬ್ಬರು. ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ.

ಕಾಡುಪಾಪ (ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್) ನೋಡಲು ಮಾತ್ರ ತುಮಕೂರಿನ ದಕ್ಷಿಣಕ್ಕೆ, ನಾಗವಲ್ಲಿಗೆ ಹೋದೆ, ಭಾವನನ್ನು ಕರೆದುಕೊಂಡು. ಹೆಡ್‌ಲ್ಯಾಂಪಿಗೆ ಕೆಂಪು ಕಾಗದ ಸುತ್ತಿಕೊಳ್ಳಬೇಕು, ಬಿಳಿ ಬೆಳಕು ಅದರ ಕಣ್ಣಿಗೆ ಹಿಂಸೆ. ಎರಡು ಗಂಟೆ ಸೊಳ್ಳೆ ಕಚ್ಚಿಸಿಕೊಂಡ ಮೇಲೆ ಪೊದೆಯೊಳಗೆ ಎರಡು ಕೆಂಡ. ಕೈಯಲ್ಲಿ ಹಿಡಿಸುವಷ್ಟು ಗಾತ್ರ, ಒಂದೊಂದೇ ಕಡ್ಡಿ ಹಿಡಿದು ಎಷ್ಟು ನಿಧಾನ ಅಂದರೆ ಭಾವ "ಇದು ಸರ್ಕಾರಿ ಕೆಲಸದಲ್ಲಿದೆಯೇನೋ" ಅಂದರು, ನನ್ನನ್ನು ನೋಡಿಕೊಂಡು. ಇದು ನೆಗೆಯಲ್ಲ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಆಚೆ ಹೋಗುತ್ತೆ. ಹಳೆಯ ಪೊದೆ ಬೇಲಿ ಕಿತ್ತು ತಂತಿ ಬೇಲಿ ಹಾಕಿದರೆ, ಕರೆಂಟ್ ಲೈನಿಗೆ ಅಂತ ಕೊಂಬೆ ಸವರಿದರೆ, ಅದರ ದಾರಿ ಮುಗೀತು. ಕೆಂಪು ಪಟ್ಟಿಯಲ್ಲಿ "ಅಪಾಯಕ್ಕೆ ಹತ್ತಿರ" ಅಂತಿದೆ. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಇದಕ್ಕೇ ಅಂತ ಒಂದು ವನ್ಯಧಾಮ ಮಾಡಿತು.

ಇಷ್ಟೆಲ್ಲ ಬರೆದ ಮೇಲೆ ನನಗೆ ಕಂಡದ್ದು ಏನಂದರೆ, ನಮ್ಮ ಪ್ರಾಣಿಗಳಿಗೆ ಕೋವಿಗಿಂತ ಜಾಸ್ತಿ ಕಾಟ ಕೊಟ್ಟಿರೋದು "ಪಾಳು ಭೂಮಿ" ಅನ್ನೋ ಪದ. ತೋಳ, ಕಂಕನರಿ, ಕೃಷ್ಣಮೃಗಕ್ಕೆ ಬೇಕಾದ್ದು ಮರವಲ್ಲ, ಹುಲ್ಲು. ಗೋಮಾಳ, ಅಮೃತಮಹಲ್ ಕಾವಲು, ಇವೇ ಅವುಗಳ ಕಾಡು. ಮೈಸೂರು ಅರಸರ ಕಾಲದಲ್ಲಿ ದನಗಳಿಗೆ ಅಂತ ಬಿಟ್ಟ, ಟಿಪ್ಪು ಕಾಲದಲ್ಲಿ ಅಮೃತಮಹಲ್ ಅಂತ ಹೆಸರಾದ ಈ ಕಾವಲುಗಳು ನಮ್ಮ ಇಲಾಖೆಯದೇ ಕಥೆ, ಅದಕ್ಕೆ ಹೊಟ್ಟೆ ಉರಿಯೋದು ಜಾಸ್ತಿ. ಪಕ್ಕದ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಪಾವಗಡದಲ್ಲಿ 13,000 ಎಕರೆ ಸೋಲಾರ್. ಸೋಲಾರ್ ಬೇಡ ಅನ್ನೋಕೆ ನನಗೆ ಬಾಯಿಲ್ಲ, ಆ ಊರುಗಳ ರೈತರಿಗೆ ವರ್ಷ ವರ್ಷ ಬಾಡಿಗೆ ಬರುತ್ತೆ, ಬರಗಾಲದ ತಾಲ್ಲೂಕಿನಲ್ಲಿ ಅದು ಸಣ್ಣ ಮಾತಲ್ಲ. ಉಳಿದ ಹುಲ್ಲಿಗೆ ನೀಲಗಿರಿ, ಅಕೇಶಿಯ ನೆಟ್ಟು ಹಸಿರು ಮಾಡಿದೆವು ಅನ್ನೋದು ಮಾತ್ರ ನನಗೆ ಅರ್ಥವಾಗಲ್ಲ. ನೆರಳು ಬಿದ್ದ ಕಡೆ ಹುಲ್ಲು ಸತ್ತರೆ ಕೃಷ್ಣಮೃಗ ರಾಗಿ ಹೊಲಕ್ಕೆ ಬರದೆ ಇನ್ನೆಲ್ಲಿಗೆ ಹೋಗಬೇಕು?

ಇನ್ನೊಂದು ಕಾಟ, ಅಜ್ಜ ಹೇಳಿದ್ದೇ, ನಾಯಿ. ಕೋಳಿ ಅಂಗಡಿಯ ಕಸ ಊರಾಚೆ ಸುರೀತಾರೆ, ನಾಯಿ ಗುಂಪು ಬೆಳೆಯುತ್ತೆ, ಆ ಗುಂಪು ಕೃಷ್ಣಮೃಗದ ಮರಿ ಹಿಡಿಯುತ್ತೆ, ಕುರಿ ಕೆಡವುತ್ತೆ, ಹೆಸರು ತೋಳಕ್ಕೆ. ಅದರ ಮೇಲೆ ನಾಯಿಗಳ ಡಿಸ್ಟೆಂಪರ್ ರೋಗ ನರಿ, ತೋಳಗಳಿಗೂ ದಾಟುತ್ತೆ. ತೋಳ ಕಡಿಮೆಯಾದ ಕಡೆ ನಾಯಿ ಜೊತೆ ಕೂಡಿ ಬೆರಕೆ ಮರಿ ಹಾಕೋದೂ ಇದೆ. ಹಟ್ಟಿಗೆ ಹೋದಾಗ ಕುರಿ ಲಸಿಕೆ ಜೊತೆ ಹಟ್ಟಿ ನಾಯಿಗಳಿಗೂ ಚುಚ್ಚೋದನ್ನು ನಾನು ಶುರು ಮಾಡಿದ್ದು ಅದಕ್ಕೇ. ರೇಬಿಸ್‌ದು ಸರಬರಾಜು ಇದ್ದಾಗ ಸಿಗುತ್ತೆ, ಡಿಸ್ಟೆಂಪರ್‌ದು ಕೈಯಿಂದ ದುಡ್ಡು ಹಾಕಿ ತರೋದು, ಆದಷ್ಟು.

ತೋಳ ನಿಜವಾಗಿ ಕುರಿ ಹಿಡಿದರೆ ಪರಿಹಾರ ಇದೆ, ಆದರೆ ಮಹಜರಿಗೆ ಸತ್ತ ಕುರಿ ತೋರಿಸಬೇಕು. ಹೊತ್ತುಕೊಂಡು ಹೋದ ಕುರಿಯನ್ನು ಎಲ್ಲಿಂದ ತರೋದು? ಹಾಗಾಗಿ ಎಷ್ಟೋ ಜನ ಅರ್ಜಿಯೇ ಹಾಕಲ್ಲ. ನಾನು ಈಗ ರಕ್ತ ಬಿದ್ದ ಜಾಗ, ಎಳೆದ ಗುರುತು, ಹೆಜ್ಜೆಯ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟು ಫೋಟೊ, ಇಷ್ಟನ್ನು ಬೆಳಗಾಗುವಷ್ಟರಲ್ಲಿ ತೆಗೆದಿಡಿ ಅಂತ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಮೂರು ಅರ್ಜಿ ಪಾಸಾಗಿವೆ, ಎರಡು ವಾಪಸ್ ಬಂದಿವೆ.

ನೋಟ್‌ಬುಕ್ ಈಗ ನಾಲ್ಕನೆಯದು. ಪೆನ್ನಿನಲ್ಲಿ ಇರುವ ಸಸ್ತನಿಗಳು ಇಪ್ಪತ್ತಾರು, ಇಲಿ, ಬಾವಲಿ ಬಿಟ್ಟು. ಅವಕ್ಕೆ ಕೈ ಹಾಕುವಷ್ಟು ನಾನು ಕಲಿತಿಲ್ಲ. ತೋಳದ ಪುಟದಲ್ಲಿ ಮಾತ್ರ ಹದಿನಾಲ್ಕು ತಿಂಗಳು ಏನೂ ಬರೆದಿರಲಿಲ್ಲ. ಹೋದ ವಾರ ಆ ಅಜ್ಜನ ಮೊಮ್ಮಗ ಬೆಳಗಿನ ಜಾವ ನಾಲ್ಕಕ್ಕೆ ಒಂದು ವಾಯ್ಸ್ ಮೆಸೇಜ್ ಕಳಿಸಿದ. ಕುರಿ ಗಂಟೆ ಸದ್ದು, ನಾಯಿ ಬೊಗಳೋದು, ಅದರ ಹಿಂದೆ ದೂರದಲ್ಲಿ ಉದ್ದಕ್ಕೆ ಒಂದು ಊಳು. "ಕೇಳಿಸ್ತಾ ಡಾಕ್ಟ್ರೇ? ಎರಡಿದ್ವು, ಗುಡ್ಡದ ಕಡೆ ಹೋದ್ವು." ನರಿಯೂ ಆಗಿರಬಹುದು, ಫೋನಿನಲ್ಲಿ ಹೇಳೋದು ಕಷ್ಟ. ದಿನಾಂಕ ಹಾಕಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಭಾನುವಾರ ಆ ಕಡೆ ಹೋಗಬೇಕು.