ಅಜ್ಜಿಯ ಬೆಳ್ಳಿ ರೂಪಾಯಿಗೆ ಹುಣಸೆಹಣ್ಣು ಹಚ್ಚಬೇಡಿ

ಹಳೇ ಮನೆಗಳ ಲಕ್ಷ್ಮೀಪೂಜೆಯ ಡಬ್ಬಿಯಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದಾದರೂ ಇದ್ದೇ ಇರುತ್ತದೆ. ನಮ್ಮಮ್ಮ ಪ್ರತಿ ದೀಪಾವಳಿಗೂ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ತಿಕ್ಕಿ ದೊರೆಯ ಮೀಸೆಯನ್ನೇ ಬೋಳಿಸಿಬಿಟ್ಟಿದ್ದರು. ನಿಮ್ಮ ಮನೆಯಲ್ಲಿ ಹಾಗಾಗುವ ಮುಂಚೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತನ್ನಿ.

ಮೊದಲು ತಲೆ ನೋಡಿ. ಹೆಂಗಸಾದರೆ ವಿಕ್ಟೋರಿಯಾ: 1876ರವರೆಗೆ ‘ಕ್ವೀನ್’, 1877ರಿಂದ ‘ಎಂಪ್ರೆಸ್’ ಎಂದು ಬರೆದಿರುತ್ತದೆ. ಇದರಲ್ಲಿ 1862 ಇಸವಿಯದು ಧಾರಾಳವಾಗಿ ಸಿಗುತ್ತದೆ. ಹತ್ತಕ್ಕೂ ಹೆಚ್ಚು ವರ್ಷ ಅದೇ ಇಸವಿ ಹಾಕಿ ಟಂಕಿಸಿದರು. ಬರಿತಲೆಯ ಗಡ್ಡದವನು ಏಳನೇ ಎಡ್ವರ್ಡ್. ಕಿರೀಟ, ಗಡ್ಡ ಎರಡೂ ಇದ್ದರೆ ಐದನೇ ಜಾರ್ಜ್. ಇವನ 1911ರ ರೂಪಾಯಿ ಸಿಕ್ಕರೆ ಭೂತಗನ್ನಡಿ ತನ್ನಿ. ಮೇಲಂಗಿಯ ಮೇಲಿನ ಸರದಲ್ಲಿರುವ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆಂದು ಗುಲ್ಲೆದ್ದು, ಬಹುಪಾಲನ್ನು ಕರಗಿಸಿದರು. 1912ಕ್ಕೆ ಸೊಂಡಿಲು ನೆಟ್ಟಗಾಯಿತು. ಸಂಗ್ರಾಹಕರ ಬಾಯಲ್ಲಿ ಹಳೆಯದು ಇಂದಿಗೂ ‘ಪಿಗ್ ರುಪೀ’.

ಹಿಂಬದಿಯಲ್ಲಿ, ಕೆಳಗಿನ ತಾವರೆಯ ಅಡಿಗೆ ಚುಕ್ಕೆಯಿದ್ದರೆ ಜಾರ್ಜನ ರೂಪಾಯಿ ಬೊಂಬಾಯಿ ಟಂಕಸಾಲೆಯದು, ಇಲ್ಲದಿದ್ದರೆ ಕಲಕತ್ತೆಯದು.

ಆಮೇಲೆ ಅಕ್ಕಸಾಲಿಗರ ತಕ್ಕಡಿ. 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಸವೆದಿದ್ದರೆ ಕೊಂಚ ಕಡಿಮೆ ಬರಬಹುದು. ಅಯಸ್ಕಾಂತಕ್ಕೆ ಅಂಟಿಕೊಂಡರೆ ಅದು ಬೆಳ್ಳಿಯಲ್ಲ. 1947ರ ಹುಲಿ ರೂಪಾಯಿಯೂ ಅಂಟುತ್ತದೆ, ಆದರೆ ಅದು ಅಸಲಿ ನಿಕ್ಕಲ್.

ಬೆಲೆಗೆ ಬುನಾದಿ ಬೆಳ್ಳಿಯೇ. ಈ ಮೂವರ ರೂಪಾಯಿಯಲ್ಲಿ ನೂರಕ್ಕೆ 91.7 ಪಾಲು, ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಮಾರುವ ದಿನದ ಬೆಳ್ಳಿ ದರದಿಂದ ಗುಣಿಸಿ. 1940ರಿಂದ 45ರವರೆಗಿನ ಆರನೇ ಜಾರ್ಜನದರಲ್ಲಿ ಬೆಳ್ಳಿ ಅರ್ಧ ಮಾತ್ರ. 1912ರಿಂದ 1918ರ ನಡುವಿನ ಸವೆದ ನಾಣ್ಯಕ್ಕೆ ಬೆಳ್ಳಿ ಬೆಲೆಗಿಂತ ದೊಡ್ಡದೇನೂ ಹುಟ್ಟದು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ ಸಂಗ್ರಾಹಕರು ಮುಟ್ಟುವುದೂ ಕಷ್ಟ. ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವವರನ್ನು ನಂಬಬೇಡಿ. ತನ್ನ ಹೆಸರಲ್ಲಿ ನಡೆಯುವ ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಇನ್ನು ಜೋಪಾನ. ನಾಣ್ಯದ ಮೇಲಿನ ಕಪ್ಪು ಬಣ್ಣ ಕೊಳೆಯಲ್ಲ, ಗಾಳಿಯ ಗಂಧಕ ಬೆಳ್ಳಿಯ ಜೊತೆ ಸೇರಿ ಆದ ಪದರ. ಉಜ್ಜಿದರೆ ಅದರ ಜೊತೆ ಬೆಳ್ಳಿಯೂ, ಬೆಲೆಯೂ ಹೋಗುತ್ತದೆ. ಧೂಳಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಒರೆಸಬೇಡಿ. ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು, ಅದರಲ್ಲೂ ಗಂಧಕವಿದೆ. ಪಿವಿಸಿ ಪ್ಲಾಸ್ಟಿಕ್ ಪಾಕೀಟಿನಲ್ಲಿಟ್ಟರೆ ಹಸಿರು ಅಂಟು ಕೂರುತ್ತದೆ. ಆಮ್ಲರಹಿತ ಕಾಗದದ ಲಕೋಟೆ ಸಾಕು.

ಪೂಜೆಗೆ ಏನು ಮಾಡುವುದು ಅಂತೀರಾ? ನಮ್ಮಲ್ಲಿ ಈಗ ಮೀಸೆ ಹೋದ ದೊರೆಯೊಬ್ಬನೇ ತಟ್ಟೆಯಲ್ಲಿ ಕೂರುತ್ತಾನೆ.