ಸಿಕಲ್ ಸೆಲ್ ಇರುವವರು ಕಿಡ್ನಿ ಮೇಲೆ ಕಣ್ಣಿಡುವುದು ಹೇಗೆ

ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ) ನಾರ್ಮಲ್ ಬಂದಿದೆ, ಕಿಡ್ನಿಗೆ ಏನೂ ಆಗಿಲ್ಲ. ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣ ಬಾಗಿಹೋಗುವ, ಹುಟ್ಟಿನಿಂದ ಬರುವ ಕಾಯಿಲೆ ಇರುವವರ ಮನೆಯಲ್ಲಿ ಈ ಮಾತು ಕೇಳಿದಾಗೆಲ್ಲ ನನಗೆ ಮುಂದಿನ ಪ್ರಶ್ನೆ ಬಾಯಿಗೆ ಬರುತ್ತದೆ: ಯೂರಿನ್‌ನಲ್ಲಿ ಆಲ್ಬುಮಿನ್, ಅಂದರೆ ರಕ್ತದಲ್ಲೇ ಉಳಿಯಬೇಕಾದ ಪ್ರೋಟೀನ್, ಸೋರುತ್ತಿದೆಯಾ ಅಂತ ನೋಡಿಸಿದ್ದೀರಾ? ನಾನು ಡಾಕ್ಟರ್ ಅಲ್ಲ. ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕಾಡಂಚಿನ ಹಾಡಿಗಳಿಂದ ಜೇನುಕುರುಬರು, ಯರವರು ನಮ್ಮಲ್ಲಿಗೆ ಬರುತ್ತಾರೆ. 2023ರ ಜುಲೈನಲ್ಲಿ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾಯಿತು. ಆಮೇಲೆ ತುಂಬ ಜನರ ಕೈಗೆ ಸಿಕಲ್ ಸೆಲ್ ತಪಾಸಣೆಯ ಕಾರ್ಡು, ರಿಪೋರ್ಟು ಬಂದಿವೆ. ಅದನ್ನು ಇಟ್ಟುಕೊಂಡು ಮುಂದೇನು ಮಾಡಬೇಕು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿಲ್ಲ.

ಕಿಡ್ನಿಗೇ ಯಾಕೆ ಪೆಟ್ಟು? ಕಿಡ್ನಿಯ ಒಳಭಾಗದಲ್ಲಿ ಆಕ್ಸಿಜನ್ ಕಡಿಮೆ, ಉಪ್ಪಿನಂಶ ಜಾಸ್ತಿ, ಹುಳಿಯೂ ಜಾಸ್ತಿ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವುದಕ್ಕೆ ಇವು ಮೂರೂ ಸಾಕು. ಬಾಗಿದ ಕಣಗಳು ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡುತ್ತವೆ. ನೀರನ್ನು ಹಿಡಿದಿಟ್ಟುಕೊಂಡು ಮೂತ್ರವನ್ನು ಗಟ್ಟಿ ಮಾಡುವ ಕೆಲಸ ಚಿಕ್ಕ ವಯಸ್ಸಿನಲ್ಲೇ ಕೆಡುತ್ತದೆ. 1910ರಲ್ಲಿ ಷಿಕಾಗೋದ ಡಾಕ್ಟರ್ ಜೇಮ್ಸ್ ಹೆರಿಕ್ ಈ ಕಾಯಿಲೆಯ ಬಗ್ಗೆ ಮೊದಲ ಸಲ ಬರೆದಾಗಲೇ ಆ ರೋಗಿಯ ಮೂತ್ರ ಜಾಸ್ತಿ, ತೆಳು ಅಂತ ದಾಖಲಿಸಿದ್ದರು. ನಮ್ಮ ಲ್ಯಾಬಿನಲ್ಲೂ ಅದೇ ಕಾಣುತ್ತದೆ. ರಾತ್ರಿಯೆಲ್ಲ ನೀರು ಕುಡಿಯದೆ ಬೆಳಗ್ಗೆ ಕೊಟ್ಟ ಸ್ಯಾಂಪಲ್ಲಿನ ಸ್ಪೆಸಿಫಿಕ್ ಗ್ರ್ಯಾವಿಟಿ (ಮೂತ್ರ ಎಷ್ಟು ಗಟ್ಟಿ ಅನ್ನುವ ಅಳತೆ) ಕೂಡ 1.010ರ ಆಸುಪಾಸಿನಲ್ಲೇ, ಅಂದರೆ ತೆಳುವಾಗಿಯೇ, ನಿಂತಿರುತ್ತದೆ.

ಹಾಗಾಗಿ ಮೊದಲ ಕೆಲಸ: ಸಿಕಲ್ ಸೆಲ್ ಇರುವ ಮಗು ಹಾಸಿಗೆ ಒದ್ದೆ ಮಾಡಿದರೆ ಬೈಯಬೇಡಿ. ಸಂಜೆಯಿಂದ ನೀರು ನಿಲ್ಲಿಸಲೂಬೇಡಿ. ಆ ಮಗುವಿನ ಕಿಡ್ನಿಗೆ ನೀರು ಉಳಿಸಲು ಆಗುವುದಿಲ್ಲ. ಕುಡಿಯಲು ಕೊಡದಿದ್ದರೆ ರಕ್ತ ಗಟ್ಟಿಯಾಗಿ ನೋವು ಶುರುವಾಗುತ್ತದೆ. ರಾತ್ರಿ ಒಮ್ಮೆ ಎಬ್ಬಿಸಿ ಕರೆದುಕೊಂಡು ಹೋಗುವುದೇ ದಾರಿ. ಶಾಲೆಯಲ್ಲಿ ಟೀಚರ್‌ಗೂ ಹೇಳಿಡಿ. ನೀರಿನ ಬಾಟಲಿ ಪಕ್ಕದಲ್ಲಿರಲಿ, ಕೇಳಿದಾಗ ಹೊರಗೆ ಬಿಡಲಿ.

ಯೂರಿನ್ ಟೆಸ್ಟ್ ಮಾಡಿಸುವ ರೀತಿ

10 ವರ್ಷ ತುಂಬುವ ಹೊತ್ತಿಗೆ ಶುರು ಮಾಡಿ, ಆಮೇಲೆ ಪ್ರತಿ ವರ್ಷ. ಕೇಳಬೇಕಾದ ಟೆಸ್ಟಿನ ಹೆಸರು ಯೂರಿನ್ ಆಲ್ಬುಮಿನ್ ಕ್ರಿಯಾಟಿನಿನ್ ರೇಷಿಯೋ. ಎಸಿಆರ್ ಅಂದರೂ ಲ್ಯಾಬಿನವರಿಗೆ ಗೊತ್ತಾಗುತ್ತದೆ. ಬರೀ 'ಯೂರಿನ್ ಟೆಸ್ಟ್' ಅಂದರೆ ಪಟ್ಟಿ ಅದ್ದಿ ನೋಡಿ ಕಳಿಸಿಬಿಡಬಹುದು. ಸಾರಿಗೆ ನೀರು ಸುರಿದ ಮೇಲೆ ಉಪ್ಪು ಎಷ್ಟಿತ್ತು ಅಂತ ನಾಲಿಗೆಗೆ ತಿಳಿಯುತ್ತಾ? ಸಿಕಲ್ ಸೆಲ್‌ನವರ ತೆಳು ಮೂತ್ರದಲ್ಲಿ ಪಟ್ಟಿಯ ಕಥೆಯೂ ಅಷ್ಟೇ. ಶುರುವಿನ ಆಲ್ಬುಮಿನ್ ಅದಕ್ಕೆ ಸಿಗದೆ ಹೋಗಬಹುದು. ಎಸಿಆರ್‌ನಲ್ಲಿ ಆಲ್ಬುಮಿನ್ ಅನ್ನು ಕ್ರಿಯಾಟಿನಿನ್ ಜೊತೆ ಹೋಲಿಸಿ ಲೆಕ್ಕ ಹಾಕುವುದರಿಂದ ನೀರು ಹೆಚ್ಚಾದರೂ ಲೆಕ್ಕ ತಪ್ಪುವುದಿಲ್ಲ.

ಬೆಳಗ್ಗೆ ಎದ್ದ ತಕ್ಷಣದ ಮೂತ್ರವೇ ಬೇಕು. ಡಬ್ಬಿಯನ್ನು ಹಿಂದಿನ ದಿನವೇ ಲ್ಯಾಬಿನಿಂದ ತೆಗೆದುಕೊಂಡು ಹೋಗಿ. ಔಷಧಿ ಬಾಟಲಿ, ತೊಳೆದ ಜ್ಯೂಸ್ ಬಾಟಲಿ ಬೇಡ. ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಿರಿ, ಮುಚ್ಚಳ ಬಿಗಿ ಮಾಡಿ, ಹೆಸರು ಬರೆದು, ಬೆಳಗಿನ ಬಸ್ಸಿಗೇ ತನ್ನಿ. ಜ್ವರ ಇದ್ದಾಗ, ನೋವು ಬಂದು ಒದ್ದಾಡಿದ ವಾರದಲ್ಲಿ, ಮುಟ್ಟಿನ ದಿನಗಳಲ್ಲಿ, ಉರಿಮೂತ್ರ ಇದ್ದಾಗ ಕೊಡಬೇಡಿ. ಆಗ ಸುಮ್ನೆ ಜಾಸ್ತಿ ತೋರಿಸಿ ಹೆದರಿಸುತ್ತದೆ.

ರಿಪೋರ್ಟಿನಲ್ಲಿ ಎಸಿಆರ್ (ಮಿ.ಗ್ರಾಂ/ಗ್ರಾಂ ಲೆಕ್ಕದಲ್ಲಿ) 30ಕ್ಕಿಂತ ಕಡಿಮೆ ಇದ್ದರೆ ಮುಂದಿನ ವರ್ಷ ನೋಡೋಣ. 30ರಿಂದ 300ರ ಒಳಗಿದ್ದರೆ ಸೋರಿಕೆ ಶುರುವಾಗಿದೆ. 300 ದಾಟಿದರೆ ತಡ ಮಾಡುವ ಹಾಗೇ ಇಲ್ಲ. ಒಂದೇ ರಿಪೋರ್ಟು ನೋಡಿ ತೀರ್ಮಾನ ಬೇಡ, ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಖಚಿತವಾದರೆ ಡಾಕ್ಟರ್ ಎನಲಾಪ್ರಿಲ್, ಲೋಸಾರ್ಟನ್ ತರದ ಮಾತ್ರೆ ಕೊಡಬಹುದು. 'ಇದು ಬಿಪಿ ಮಾತ್ರೆ, ನಮಗೆ ಬಿಪಿ ಇಲ್ವಲ್ಲ' ಅಂತ ಬಿಟ್ಟುಬಿಡುವವರಿದ್ದಾರೆ. ಇಲ್ಲಿ ಅದನ್ನು ಕೊಡುವುದು ಆಲ್ಬುಮಿನ್ ಸೋರಿಕೆ ಕಡಿಮೆ ಮಾಡಲು. ಶುರು ಮಾಡಿದ ಮೇಲೆ ಪೊಟ್ಯಾಶಿಯಂ, ಕ್ರಿಯಾಟಿನಿನ್ ನೋಡಿಸಬೇಕು. ಬಸುರಿಯರು ಇದನ್ನು ತೆಗೆದುಕೊಳ್ಳಬಾರದು. ಮಗುವಿನ ಯೋಚನೆ ಇದ್ದರೆ ಮೊದಲೇ ಡಾಕ್ಟರ್‌ಗೆ ಹೇಳಿ. ಅಂದಹಾಗೆ, ಈ ಕಾಯಿಲೆಯವರ ಬಿಪಿ ಸಾಮಾನ್ಯವಾಗಿ ಉಳಿದವರಿಗಿಂತ ಕಡಿಮೆಯೇ ಇರುತ್ತದೆ. ಅದಕ್ಕೇ ಇವರಲ್ಲಿ 130/80 ದಾಟಿದರೆ 'ಸ್ವಲ್ಪ ತಾನೇ' ಅನ್ನುವಂತಿಲ್ಲ.

ಈಗ ಕ್ರಿಯಾಟಿನಿನ್. ಚಿಕ್ಕ ವಯಸ್ಸಿನಲ್ಲಿ ಇವರ ಕಿಡ್ನಿ ಬೇಕಾದ್ದಕ್ಕಿಂತ ಜಾಸ್ತಿ ಸೋಸುತ್ತದೆ. ರಕ್ತದಿಂದ ಕ್ರಿಯಾಟಿನಿನ್ ಅನ್ನು ಹೊರಗೆ ಹಾಕುವುದೂ ಜಾಸ್ತಿ. ಮೈಯಲ್ಲಿ ಮಾಂಸಖಂಡ ಕಡಿಮೆ. ಎಲ್ಲ ಸೇರಿ ರಿಪೋರ್ಟಿನಲ್ಲಿ 0.4, 0.5 ಅಂತ ಚಂದ ಕಾಣುತ್ತದೆ. ಅದೇ ಮನುಷ್ಯನಿಗೆ ಕೆಲವು ವರ್ಷದ ಮೇಲೆ 0.9 ಬಂದರೆ ಅಚ್ಚಾದ ನಾರ್ಮಲ್ ಮಿತಿಯೊಳಗೇ ಇರುತ್ತದೆ, ಆದರೆ ಹೆಚ್ಚುಕಮ್ಮಿ ಎರಡರಷ್ಟಾಗಿದೆ ಅಲ್ವಾ? ಆದ್ದರಿಂದ ಹಳೇ ರಿಪೋರ್ಟು ಎಸೆಯಬೇಡಿ. ಹೊಸದನ್ನು ಲ್ಯಾಬಿನ ಮಿತಿಗೆ ಹೋಲಿಸುವುದಕ್ಕಿಂತ ನಿಮ್ಮದೇ ಹಳೆಯದಕ್ಕೆ ಹೋಲಿಸಿ.

ಒಂದೇ ಮನೆ, ಬೇರೆ ಬೇರೆ ಕಿಡ್ನಿ

ನನ್ನನ್ನು ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಅಣ್ಣನಿಗೂ ತಂಗಿಗೂ ಸಿಕಲ್ ಸೆಲ್ ಇದೆ. ಅಣ್ಣನ ಎಸಿಆರ್ ಚೆನ್ನಾಗಿದೆ, ತಂಗಿಗೆ ಹದಿಹರೆಯದಲ್ಲೇ ಆಲ್ಬುಮಿನ್ ಹೋಗುತ್ತಿದೆ. ಯಾಕೆ?

ಸಿಕಲ್ ಜೀನಿನ ತಪ್ಪು ಇಬ್ಬರಲ್ಲೂ ಅದೇ. ಆದರೆ ಅದರ ಜೊತೆ ಅಪ್ಪ ಅಮ್ಮನಿಂದ ಬೇರೆ ಜೀನುಗಳೂ ಬಂದಿರುತ್ತವೆ. ಅವು ಇಬ್ಬರಿಗೂ ಒಂದೇ ತರ ಬರಬೇಕೆಂದಿಲ್ಲ. ಅವುಗಳಲ್ಲಿ ಎರಡನ್ನು ತಿಳಿದಿರುವುದು ಒಳ್ಳೆಯದು.

ಮೊದಲನೆಯದು ಹಿಮೋಗ್ಲೋಬಿನ್ ಎಫ್. ಹೊಟ್ಟೆಯಲ್ಲಿರುವ ಕೂಸಿನ ಹಿಮೋಗ್ಲೋಬಿನ್ ಇದು. ಇದು ಜಾಸ್ತಿ ಇದ್ದರೆ ಕಣಗಳು ಬಾಗುವುದು ಕಡಿಮೆ. ಭಾರತದ ಬುಡಕಟ್ಟು ಜನರಲ್ಲಿ ಸಿಕಲ್ ಜೀನು ಹೆಚ್ಚಾಗಿ ಅರಬ್-ಇಂಡಿಯನ್ ಅನ್ನುವ ಬಗೆಯದು. ಈ ಬಗೆಯಲ್ಲಿ ಎಫ್ ಸಾಮಾನ್ಯವಾಗಿ ಆಫ್ರಿಕಾದ ಬಗೆಗಳಿಗಿಂತ ಜಾಸ್ತಿ. ನಿಮ್ಮ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಟೆಸ್ಟ್) ರಿಪೋರ್ಟಿನಲ್ಲಿ ಎಫ್ ಮುಂದಿನ ಸಂಖ್ಯೆ ನೋಡಿ. ಕಾಯಿಲೆ ಇಲ್ಲದ ದೊಡ್ಡವರಲ್ಲಿ ಅದು ಸುಮಾರು ಶೇಕಡಾ 1ರೊಳಗೆ ಇರುತ್ತದೆ. ಇಲ್ಲಿ 15, 20 ಕಂಡರೆ ಗಾಬರಿ ಬೇಡ, ಅದು ನಿಮ್ಮ ಪರವಾಗಿರುವ ಅಂಶ. ಎರಡು ಎಚ್ಚರಿಕೆ: ಹಸುಗೂಸಿನ ಎಫ್ ನೋಡಿ ಖುಷಿಪಡಬೇಡಿ, ಅದು ಇಳಿಯುತ್ತದೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಲ್ಯಾಬಿಗೆ ಹೇಳಿ, ಕೊಟ್ಟವರ ರಕ್ತ ಸೇರಿ ಲೆಕ್ಕ ಕೆಡುತ್ತದೆ. ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಕೊಡುವುದೂ ಈ ಎಫ್ ಹೆಚ್ಚಿಸಲಿಕ್ಕೇ. ಅದು ಮೂತ್ರದಲ್ಲಿ ಹೊರಹೋಗುವ ಔಷಧಿ. ಕಿಡ್ನಿ ಸೋತಿದ್ದರೆ ಡೋಸ್ ಇಳಿಸಬೇಕಾಗುತ್ತದೆ, ರಕ್ತಕಣಗಳ ಎಣಿಕೆಯನ್ನೂ ಆಗಾಗ ನೋಡಿಸಬೇಕು.

ಎರಡನೆಯದು ಆಲ್ಫಾ ಥಲಸೀಮಿಯಾ, ಹಿಮೋಗ್ಲೋಬಿನ್ನಿನ ಆಲ್ಫಾ ಅನ್ನುವ ಭಾಗ ಕಡಿಮೆ ತಯಾರಾಗುವ ಜೀನ್ ಬದಲಾವಣೆ. ಕೇಳಲು ಇನ್ನೊಂದು ಕಾಯಿಲೆಯ ಹಾಗಿದೆ. ಆದರೆ ಸಿಕಲ್ ಸೆಲ್ ಜೊತೆ ಇದ್ದರೆ ಕೆಂಪು ಕಣ ಒಡೆಯುವುದು ಕಡಿಮೆಯಾಗುತ್ತದೆ. ಇಂಥವರಲ್ಲಿ ಆಲ್ಬುಮಿನ್ ಸೋರುವುದೂ ಕಡಿಮೆ ಅಂತ ಅಧ್ಯಯನಗಳು ತೋರಿಸಿವೆ. ನಮ್ಮ ಬುಡಕಟ್ಟುಗಳಲ್ಲಿ ಇದು ಅಪರೂಪವೇನಲ್ಲ. ಎಚ್‌ಪಿಎಲ್‌ಸಿ ಇದನ್ನು ನೇರವಾಗಿ ತೋರಿಸುವುದಿಲ್ಲ. ಕಬ್ಬಿಣದ ಕೊರತೆ ಇಲ್ಲದಿದ್ದರೂ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆಯ ಟೆಸ್ಟ್) ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ, ಕಡಿಮೆ ಇದ್ದರೆ ಅನುಮಾನ ಬರುತ್ತದೆ. ಖಚಿತಕ್ಕೆ ಡಿಎನ್‌ಎ ಪರೀಕ್ಷೆ ಬೇಕು. ಹಾಗಂತ ಸಾಲ ಮಾಡಿ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಫಲಿತಾಂಶ ಏನೇ ಬಂದರೂ ವರ್ಷಕ್ಕೊಮ್ಮೆ ಎಸಿಆರ್ ತಪ್ಪುವುದಿಲ್ಲ. ನೋವು ಕೂಡ ಈ ಜೀನಿನಿಂದ ಕಡಿಮೆಯಾಗುತ್ತದೆ ಅನ್ನುವಂತಿಲ್ಲ.

ಮೊಬೈಲಿನಲ್ಲಿ ಹುಡುಕುವವರಿಗೆ ಎಪಿಒಎಲ್-1 ಅನ್ನುವ ಜೀನ್ ಸಿಗುತ್ತದೆ. ಓದಿ ಹೆದರಿಕೊಂಡು ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ, ಕಾಲೇಜು ಓದುವವನು. ಆಫ್ರಿಕಾದಲ್ಲಿ ತ್ಸೆತ್ಸೆ ನೊಣದಿಂದ ಹರಡುವ ನಿದ್ರಾರೋಗದ ವಿರುದ್ಧ ರಕ್ಷಣೆ ಕೊಡುವ ಬದಲಾವಣೆಗಳು ಈ ಜೀನಿನಲ್ಲಿವೆ. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಕಿಡ್ನಿಗೆ ಅಪಾಯ ಅಂತ 2010ರಲ್ಲಿ ಗೊತ್ತಾಯಿತು. ಅಮೆರಿಕದ ಆಫ್ರಿಕನ್ ಮೂಲದ ಸಿಕಲ್ ಸೆಲ್ ರೋಗಿಗಳಲ್ಲಿ ಇದು ದೊಡ್ಡ ವಿಷಯ. ಆಫ್ರಿಕನ್ ಮೂಲ ಇಲ್ಲದವರಲ್ಲಿ ಇದು ಬಲು ಅಪರೂಪ. ಅಲ್ಲಿನ ಲೇಖನ ಓದಿ ಇಲ್ಲಿ ಆ ಟೆಸ್ಟ್ ಹುಡುಕಿಕೊಂಡು ಅಲೆಯಬೇಡಿ. ಅವನಿಗೆ ಅಷ್ಟು ಹೇಳಿ ಕೈಗೆ ಡಬ್ಬಿ ಕೊಟ್ಟೆ.

ದಿನದ ಬದುಕಿನಲ್ಲಿ

ನೋವಿನ ಮಾತ್ರೆ ವಿಷಯದಲ್ಲಿ ನಾನು ಸ್ವಲ್ಪ ಜೋರು. ಮೈಕೈ ನೋವು ಬಂದ ಕೂಡಲೇ ಅಂಗಡಿಯಿಂದ ಬ್ರೂಫೆನ್, ಡೈಕ್ಲೋಫೆನಾಕ್ ತಂದು ನುಂಗುವುದು, ಡೈಕ್ಲೋ ಇಂಜೆಕ್ಷನ್ ಹಾಕಿ ಅಂತ ತಾವೇ ಕೇಳುವುದು ಎಲ್ಲ ಕಡೆ ಇದೆ. ಇವು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಮನೆಯಲ್ಲಿ ಡಾಕ್ಟರ್ ಹೇಳಿದ ಅಳತೆಯ ಪ್ಯಾರಾಸಿಟಮಾಲ್ ಇಟ್ಟುಕೊಳ್ಳಿ. ಅದಕ್ಕೆ ಬಗ್ಗದ ನೋವಾದರೆ ಆಸ್ಪತ್ರೆಗೆ ಬನ್ನಿ. ಸಿ.ಟಿ. ಸ್ಕ್ಯಾನಿಗೆ ಡೈ ಕೊಡುವ ಮೊದಲೂ ಸಿಕಲ್ ಸೆಲ್ ಇದೆ ಅಂತ ಬಾಯಿಬಿಟ್ಟು ಹೇಳಿ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದಲ್ಲಿ ಹೊತ್ತೇರುವವರೆಗೆ ನೀರೇ ಕುಡಿಯದವರನ್ನು ನೋಡಿದ್ದೇನೆ. ಬಾಟಲಿ ಸೊಂಟಕ್ಕೆ ಕಟ್ಟಿಕೊಂಡೇ ಹೋಗಿ. ಕಿಡ್ನಿ ಈಗಾಗಲೇ ಕೆಟ್ಟಿರುವವರು ಮಾತ್ರ ಎಷ್ಟು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಬೇಕು.

ಮೂತ್ರ ಕೆಂಪಾದರೆ, ನೋವಿಲ್ಲದಿದ್ದರೂ, ಅವತ್ತೇ ತೋರಿಸಿ. ಕಿಡ್ನಿಯ ಒಳತುದಿ ರಕ್ತ ಸಿಗದೆ ಸತ್ತು ಹೀಗಾಗಬಹುದು. ಇದು ಹೆಚ್ಚಾಗಿ ಎಡ ಕಿಡ್ನಿಯಲ್ಲಿ. ಈ ಮಾತು ಕಾರ್ಡಿನಲ್ಲಿ 'ವಾಹಕ' (ಅಪ್ಪ ಅಮ್ಮರಲ್ಲಿ ಒಬ್ಬರಿಂದ ಮಾತ್ರ ಸಿಕಲ್ ಜೀನ್ ಬಂದವರು) ಅಂತ ಬರೆಸಿಕೊಂಡವರಿಗೂ ಅನ್ವಯ. ಅವರಿಗೆ ಕಾಯಿಲೆ ಇಲ್ಲ ನಿಜ, ಆದರೆ ಮೂತ್ರದಲ್ಲಿ ರಕ್ತ ಅವರಿಗೂ ಬರಬಹುದು. ತೀರಾ ಅಪರೂಪವಾಗಿ ಮೆಡುಲರಿ ಕಾರ್ಸಿನೋಮ ಅನ್ನುವ ಕಿಡ್ನಿ ಕ್ಯಾನ್ಸರ್ ಬರುವುದು ಹೆಚ್ಚಾಗಿ ವಾಹಕರಲ್ಲೇ, ಅದೂ ಚಿಕ್ಕ ವಯಸ್ಸಿನಲ್ಲಿ. ಆದ್ದರಿಂದ ವಾಹಕರ ಮೂತ್ರದಲ್ಲಿ ರಕ್ತ ಕಂಡರೆ 'ಉಷ್ಣ ಆಗಿದೆ' ಅಂತ ಎಳನೀರು ಕುಡಿದು ಸುಮ್ಮನಾಗಬೇಡಿ. ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ, ಕಾರ್ಡನ್ನು ಚೀಟಿಯ ಜೊತೆಗೇ ಮೇಜಿನ ಮೇಲಿಡಿ.