ಆ ಹನ್ನೆರಡು ಪದ ಯಾರ ಹತ್ರ ಇರ್ಬೇಕು? ಮೊದಲ ಸಲ ಕ್ರಿಪ್ಟೋ ವ್ಯಾಲೆಟ್ ಆರಿಸ್ಕೊಳ್ಳೋರಿಗೆ

ಕೋಲಾರದ ಬಸ್ ಸ್ಟ್ಯಾಂಡ್ ಹತ್ರ ನಮ್ದೊಂದು ಸೈಬರ್ ಸೆಂಟರ್ ಇದೆ, ಪಹಣಿ, ಜಾತಿ ಆದಾಯ ಪತ್ರದ ಅರ್ಜಿ, ಪ್ಯಾನ್ ಕಾರ್ಡ್, ಕಲರ್ ಪ್ರಿಂಟ್, ಲ್ಯಾಮಿನೇಷನ್ ಎಲ್ಲಾ ಮಾಡ್ಕೊಡ್ತೀವಿ. ಹೋದ ತಿಂಗಳು ನರಸಾಪುರದ ಫ್ಯಾಕ್ಟರೀಲಿ ಕೆಲಸ ಮಾಡೋ ಹುಡುಗ ಒಬ್ಬ ನೈಟ್ ಶಿಫ್ಟ್ ಮುಗಿಸ್ಕೊಂಡು ಸೀದಾ ಬಂದು "ಅಕ್ಕ, ನಿಮ್ಮ ನಂಬರ್‌ಗೆ ವಾಟ್ಸಾಪ್ ಮಾಡಿದೀನಿ, ಒಂದು ಪ್ರಿಂಟ್ ತೆಗೆದು ಲ್ಯಾಮಿನೇಷನ್ ಹಾಕ್ಕೊಡಿ" ಅಂದ. ಓಪನ್ ಮಾಡಿ ನೋಡಿದ್ರೆ ಹನ್ನೆರಡು ಇಂಗ್ಲಿಷ್ ಪದ, ಒಂದರಿಂದ ಹನ್ನೆರಡರ ತನಕ ನಂಬರ್ ಹಾಕಿರೋ ಸ್ಕ್ರೀನ್‌ಶಾಟ್. ನನಗೆ ಎದೆ ಧಸಕ್ ಅಂತು.

ಅದು ಅವನ ಕ್ರಿಪ್ಟೋ ವ್ಯಾಲೆಟ್‌ನ ಸೀಡ್ ಫ್ರೇಸ್. ಅದು ಯಾರ ಕೈಗೆ ಸಿಕ್ಕಿದ್ರೂ ಅವರು ತಮ್ಮ ಫೋನಲ್ಲೇ ಕೂತ್ಕೊಂಡು ಅವನ ಕಾಯಿನ್ ಪೂರ್ತಿ ಎತ್ಕೊಂಡು ಹೋಗ್ಬಹುದು, ಓಟಿಪಿ ಬರಲ್ಲ, ಪಿನ್ ಕೇಳಲ್ಲ, ಏನೂ ಇಲ್ಲ. ಈಗ ಆ ಪದಗಳು ಅವನ ಗ್ಯಾಲರೀಲಿ ಇವೆ, ಗ್ಯಾಲರಿ ಬ್ಯಾಕಪ್ ಆಗೋ ಮೇಲ್ ಅಕೌಂಟಲ್ಲಿ ಇವೆ, ವಾಟ್ಸಾಪ್‌ನಲ್ಲಿ ಇವೆ, ನಮ್ಮ ಅಂಗಡಿ ಕಂಪ್ಯೂಟರ್‌ನ ಡೌನ್‌ಲೋಡ್ಸ್‌ನಲ್ಲೂ ಇವೆ. ಅವನ ಎದುರಿಗೇ ಡಿಲೀಟ್ ಮಾಡ್ದೆ, ಮಾಡಿ ಹೇಳ್ದೆ, "ನೋಡಪ್ಪ, ನಾನು ಅಳಿಸ್ದೆ ಅಂತ ನೀನು ನಂಬ್ಕೊಂಡು ಕೂರ್ಬೇಡ, ಇವತ್ತೇ ಹೊಸ ವ್ಯಾಲೆಟ್ ಮಾಡ್ಕೊಂಡು ಇರೋದನ್ನೆಲ್ಲ ಅದಕ್ಕೆ ಕಳಿಸ್ಬಿಡು." ಯಾವ ವ್ಯಾಲೆಟ್ ಅಕ್ಕ ಅಂತ ಕೇಳ್ದ. ಅವನಿಗೆ ಒಂದು ಗಂಟೆ ಕೂತ್ಕೊಂಡು ಹೇಳಿದ್ದನ್ನೇ ಇಲ್ಲಿ ಬರೀತಾ ಇದೀನಿ, ಯಾಕಂದ್ರೆ ಇದೇ ಪ್ರಶ್ನೆ ಇಟ್ಕೊಂಡು ಮಾಲೂರು, ಬಂಗಾರಪೇಟೆ ಕಡೆ ಹುಡುಗರು ಈಗ ತುಂಬ ಜನ ಬರ್ತಾರೆ.

ಮೊದಲು ವ್ಯಾಲೆಟ್ ಅಂದ್ರೆ ಏನು ಅಂತ ತಿಳ್ಕೊಳ್ಳಿ

ವ್ಯಾಲೆಟ್ ಒಳಗೆ ಕಾಯಿನ್ ಇರಲ್ಲ. ಪಹಣಿ ನೆನಪು ಮಾಡ್ಕೊಳ್ಳಿ, ಭೂಮಿ ವೆಬ್‌ಸೈಟ್‌ನಲ್ಲಿ ಯಾವ ಸರ್ವೆ ನಂಬರ್ ಯಾರ ಹೆಸರಲ್ಲಿದೆ ಅಂತ ಯಾರು ಬೇಕಾದ್ರೂ ನೋಡ್ಬಹುದು, ಆದ್ರೆ ಜಮೀನು ಬರ್ಕೊಡೋಕೆ ಮಾಲೀಕರದ್ದೇ ಸಹಿ ಬೇಕು. ಬ್ಲಾಕ್‌ಚೈನ್ ಅಂದ್ರೂ ಹಂಗೇ ಎಲ್ಲರಿಗೂ ಕಾಣೋ ದೊಡ್ಡ ಲೆಕ್ಕದ ಪುಸ್ತಕ, ಬಿಟ್‌ಕಾಯಿನ್‌ದು 2009ರ ಜನವರಿ 3ರಿಂದ ನಡೀತಾ ಇದೆ. ಆ ಪುಸ್ತಕದಲ್ಲಿ ನಿಮ್ಮ ಪಾಲನ್ನ ಇನ್ನೊಬ್ಬರಿಗೆ ದಾಟಿಸೋಕೆ ಬೇಕಾದ ಸಹಿ ಹಾಕೋದು ಪ್ರೈವೇಟ್ ಕೀ ಅನ್ನೋ ಗುಟ್ಟಿನ ನಂಬರ್‌ನಿಂದ, ಆ ಕೀನ ಕಾಪಾಡೋ ಆಪ್ ಅಥವಾ ಡಿವೈಸೇ ವ್ಯಾಲೆಟ್. ಹನ್ನೆರಡು ಪದ ಇದ್ರೆ ಕೀ ಮತ್ತೆ ಹುಟ್ಟುತ್ತೆ, ಅದಕ್ಕೇ ಫೋನ್ ಕಳೆದ್ರೂ ಕಾಯಿನ್ ಕಳೆಯಲ್ಲ, ಪದ ಕಳೆದ್ರೆ ಕಳೀತು. ಪಹಣೀಲಿ ತಪ್ಪಾದ್ರೆ ತಾಲ್ಲೂಕು ಆಫೀಸಿಗೆ ಅಲೆದು ತಿದ್ದಿಸ್ಬಹುದು, ಇಲ್ಲಿ ತಹಶೀಲ್ದಾರರು ಯಾರೂ ಇಲ್ಲ.

ಹಾಗಾಗಿ ಯಾವ ಕಂಪನಿ ವ್ಯಾಲೆಟ್ ಒಳ್ಳೇದು ಅನ್ನೋದು ಎರಡನೇ ಪ್ರಶ್ನೆ. ಕೀ ಯಾರ ಹತ್ರ ಇರುತ್ತೆ ಅನ್ನೋದು ಮೊದಲನೇದು.

ಕೀ ಯಾರ ಹತ್ರ ಇಡೋದು?

ನೀವು ಎಕ್ಸ್‌ಚೇಂಜ್ ಆಪ್‌ನಲ್ಲಿ, ಅಂದ್ರೆ ರೂಪಾಯಿ ಕೊಟ್ಟು ಕಾಯಿನ್ ಕೊಳ್ಳೋ ಮಾರೋ ಆಪ್‌ನಲ್ಲಿ, ಕೊಂಡು ಅಲ್ಲೇ ಬಿಟ್ಟಿದ್ರೆ ಕೀ ಅವರ ಹತ್ರ ಇದೆ, ನಿಮ್ಮ ಹತ್ರ ಇರೋದು ಲಾಗಿನ್ ಅಷ್ಟೇ. ಚೀಟಿ ಹಾಕೋರಿಗೆ ಇದು ಚೆನ್ನಾಗಿ ಗೊತ್ತಾಗುತ್ತೆ, ದುಡ್ಡು ನಿಮ್ದು, ಆದ್ರೆ ಚೀಟಿ ನಡೆಸೋರ ಕೈಲಿದೆ. 2024ರ ಜುಲೈ 18ಕ್ಕೆ ವಜೀರ್‌ಎಕ್ಸ್ ಅನ್ನೋ ಎಕ್ಸ್‌ಚೇಂಜ್‌ನಲ್ಲಿ ಸುಮಾರು 23 ಕೋಟಿ ಡಾಲರ್ ಕಾಯಿನ್ ಕಳ್ಳತನ ಆಯ್ತು, ಗ್ರಾಹಕರು ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಕಾಯಿನ್ ಹೊರಗೆ ತೆಗೆಯೋಕಾಗದೆ ಕಾದ್ರು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಅನ್ನೋ ಇನ್ನೊಂದು ಎಕ್ಸ್‌ಚೇಂಜ್‌ನಲ್ಲಿ ಸುಮಾರು 4.4 ಕೋಟಿ ಡಾಲರ್ ಹೋಯ್ತು, ಅದು ಕಂಪನಿಯ ಸ್ವಂತ ದುಡ್ಡು, ಗ್ರಾಹಕರದ್ದು ಸೇಫ್ ಅಂತ ಅವರು ಹೇಳಿದ್ರು. ಎರಡೂ ಸಲ ಗ್ರಾಹಕರ ಪಾಸ್‌ವರ್ಡ್ ಸರಿಯಾಗೇ ಇತ್ತು, ಅವರ ಕಡೆಯಿಂದ ಏನೂ ತಪ್ಪಿಲ್ಲ.

ಆದ್ರೂ ಎರಡು ಸಾವಿರ, ಐದು ಸಾವಿರ ಹಾಕಿ ಕಲೀತಾ ಇರೋರಿಗೆ ನಾನು ಎಕ್ಸ್‌ಚೇಂಜಲ್ಲೇ ಇಟ್ಕೊಳ್ಳಿ ಅಂತೀನಿ. ಹೊಸಬರು ಹ್ಯಾಕ್ ಆಗೋದಕ್ಕಿಂತ ಪದ ಕಳ್ಕೊಂಡೋ ತಪ್ಪು ಅಡ್ರೆಸ್‌ಗೆ (ಕಾಯಿನ್ ತಲುಪಬೇಕಾದ ಉದ್ದನೆ ಅಕ್ಷರ ಅಂಕಿ ಸಾಲು) ಕಳಿಸಿಯೋ ದುಡ್ಡು ಹಾಳು ಮಾಡ್ಕೊಳ್ಳೋದನ್ನೇ ನಾನು ಜಾಸ್ತಿ ನೋಡಿರೋದು. ಆ ಎಕ್ಸ್‌ಚೇಂಜ್ ಎಫ್‌ಐಯುನಲ್ಲಿ, ಅಂದ್ರೆ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ, ರಿಜಿಸ್ಟರ್ ಆಗಿದೆಯಾ ನೋಡಿ, 2023ರ ಮಾರ್ಚ್‌ನಿಂದ ಇವರೆಲ್ಲ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಕೆಳಗೆ ಬರ್ತಾರೆ. ಲಾಗಿನ್‌ಗೆ ಎಸ್‌ಎಂಎಸ್ ಓಟಿಪಿ ಒಂದನ್ನೇ ನೆಚ್ಕೋಬೇಡಿ, ನಿಮ್ಮ ನಂಬರ್‌ಗೆ ಇನ್ನೊಬ್ಬರು ಡೂಪ್ಲಿಕೇಟ್ ಸಿಮ್ ತಗೊಂಡ್ರೆ ಓಟಿಪಿ ಅವರಿಗೆ ಹೋಗುತ್ತೆ, ನಿಮ್ಮ ಫೋನಲ್ಲೇ ಕೋಡ್ ಹುಟ್ಟಿಸೋ ಅಥೆಂಟಿಕೇಟರ್ ಆಪ್ ಹಾಕ್ಕೊಳ್ಳಿ. ಇನ್ನೊಂದು, ಕೊಳ್ಳೋಕೆ ಮುಂಚೇನೇ ಆ ಆಪ್‌ನಿಂದ ಕಾಯಿನ್ ಹೊರಗೆ ಕಳಿಸೋಕೆ ಬಿಡ್ತಾರಾ ಕೇಳಿ, ಕೆಲವರು ಬಿಡಲ್ಲ, ಮಾರಿ ರೂಪಾಯಿ ತಗೋ ಅಂತಾರೆ ಅಷ್ಟೇ.

ಒಂದು ತಿಂಗಳ ಸಂಬಳ ಹೋದ್ರೆ ಮನೇಲಿ ಕಷ್ಟ ಆಗುತ್ತೆ ಅನ್ನೋಷ್ಟು ದುಡ್ಡು ಸೇರಿದಾಗ ಸ್ವಂತ ವ್ಯಾಲೆಟ್‌ಗೆ ಹೋಗಿ. ವರ್ಷಗಟ್ಟಲೆ ಮುಟ್ಟಲ್ಲ, ಮೊತ್ತಾನೂ ದೊಡ್ಡದು ಅಂದ್ರೆ ಹಾರ್ಡ್‌ವೇರ್ ವ್ಯಾಲೆಟ್, ಪೆನ್‌ಡ್ರೈವ್ ತರ ಇರೋ ಡಿವೈಸು, ಕೀ ಅದರೊಳಗೇ ಇರುತ್ತೆ, ಸಹಿ ಅದರೊಳಗೇ ಆಗಿ ಹೊರಗೆ ಬರುತ್ತೆ, ಕಂಪ್ಯೂಟರ್‌ನಲ್ಲಿ ವೈರಸ್ ಇದ್ರೂ ಕೀ ಅದಕ್ಕೆ ಸಿಗಲ್ಲ. ಜೆಕ್ ದೇಶದ ಟ್ರೆಜರ್ 2014ರಿಂದ ಇದೆ, ಫ್ರಾನ್ಸ್‌ನ ಲೆಡ್ಜರ್ ಇದೆ, ನಮ್ಮ ದೇಶದ ಸೈಫರಾಕ್ ಕೂಡ ಇದೆ. ಕಂಪನಿ ವೆಬ್‌ಸೈಟ್‌ನಿಂದ ನೇರವಾಗಿ ತರಿಸ್ಕೊಳ್ಳಿ, ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಬಾಕ್ಸ್ ಒಳಗೆ ಪದಗಳು ಮೊದಲೇ ಪ್ರಿಂಟ್ ಆಗಿ ಬಂದಿದ್ರೆ ಅದು ಮೋಸ, ಪದಗಳನ್ನ ಡಿವೈಸ್ ನಿಮ್ಮ ಎದುರಿಗೇ ಹುಟ್ಟಿಸ್ಬೇಕು. 2020ರಲ್ಲಿ ಲೆಡ್ಜರ್ ಗ್ರಾಹಕರ ಮನೆ ಅಡ್ರೆಸ್ಸುಗಳು ಸೋರಿಕೆ ಆದ್ಮೇಲೆ ಕೆಲವರ ಮನೆಗೆ ನಕಲಿ ಡಿವೈಸೇ ಪೋಸ್ಟ್‌ನಲ್ಲಿ ಬಂದಿತ್ತು, "ಹಳೇದು ಸೇಫ್ ಇಲ್ಲ, ಇದನ್ನ ಬಳಸಿ" ಅಂತ ಕಾಗದ ಬೇರೆ ಜೊತೇಲಿ.

ಮೊಬೈಲ್ ವ್ಯಾಲೆಟ್ ಆರಿಸೋವಾಗ

ಪ್ಲೇ ಸ್ಟೋರ್‌ನಲ್ಲಿ ಹೆಸರು ಹುಡುಕಿ ಮೇಲೆ ಬಂದಿದ್ದನ್ನ ಹಾಕ್ಕೋಬೇಡಿ, ಒಂದೇ ತರ ಲೋಗೋ ಇರೋ ನಕಲಿಗಳು ಇರ್ತಾವೆ. ವ್ಯಾಲೆಟ್‌ನ ಅಧಿಕೃತ ವೆಬ್‌ಸೈಟ್‌ಗೆ ಹೋಗಿ ಅಲ್ಲಿರೋ ಲಿಂಕ್‌ನಿಂದ ಬನ್ನಿ, ಅದನ್ನೂ ಗೂಗಲ್ ಜಾಹೀರಾತಿಂದ ಅಲ್ಲ. ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರ ಹಾಕೋ ಆಪ್ ಫೈಲ್) ಅಂತೂ ಮುಟ್ಟಲೇಬೇಡಿ. ಕೋಡ್ ಓಪನ್ ಸೋರ್ಸ್ ಇದೆಯಾ (ಯಾರು ಬೇಕಾದ್ರೂ ಓದಿ ನೋಡೋ ತರ ಬಿಟ್ಟಿದಾರಾ), ಎಷ್ಟು ವರ್ಷದಿಂದ ನಡೀತಾ ಇದೆ, ನಿಮ್ಮ ಕಾಯಿನ್‌ಗೆ ಸಪೋರ್ಟ್ ಇದೆಯಾ ನೋಡಿ. ಬ್ಲೂವ್ಯಾಲೆಟ್, ಎಲೆಕ್ಟ್ರಮ್ ಬಿಟ್‌ಕಾಯಿನ್‌ಗೆ ಮಾತ್ರ, ಇಥೀರಿಯಂ ಅನ್ನೋ ಇನ್ನೊಂದು ಬ್ಲಾಕ್‌ಚೈನ್ ಕಡೆಯವರು ಮೆಟಾಮಾಸ್ಕ್ ಹಾಕ್ಕೊತಾರೆ, ಅದು 2016ರಿಂದ ಇದೆ.

ಬಿಐಪಿ 39 ಅನ್ನೋ, ಬೇರೆ ಬೇರೆ ಕಂಪನಿ ವ್ಯಾಲೆಟ್‌ಗಳಿಗೂ ಹೊಂದೋ ಪದ್ಧತೀಲಿ ಸೀಡ್ ಪದಗಳನ್ನ ಕೊಡ್ತಾರಾ ಅಂತ ಖಂಡಿತ ನೋಡ್ಕೊಳ್ಳಿ. ಕೊಡ್ತಾರೆ ಅಂದ್ರೆ ನಾಳೆ ಆ ಕಂಪನಿ ಮುಚ್ಚಿ ಹೋದ್ರೂ ಅದೇ ಪದಗಳನ್ನ ಇನ್ನೊಂದು ವ್ಯಾಲೆಟ್‌ಗೆ ಹಾಕಿ ವಾಪಸ್ ತರಬಹುದು. ಎಲೆಕ್ಟ್ರಮ್ ತನ್ನದೇ ಬೇರೆ ಪದ್ಧತೀಲಿ ಪದ ಕೊಡುತ್ತೆ, ಕೆಟ್ಟದ್ದಲ್ಲ, ಆದ್ರೆ ಕಾಗದದ ಮೇಲೆ "ಎಲೆಕ್ಟ್ರಮ್" ಅಂತ ಬರೆದಿಟ್ಕೋಬೇಕು.

ಪದ ಬರ್ಕೊಳ್ಳೋ ಕೆಲಸ

ಇದಕ್ಕೆ ಅರ್ಧ ಗಂಟೆ ಬಿಡುವು ಮಾಡ್ಕೊಳ್ಳಿ, ಕಂಪನಿ ಬಸ್‌ನಲ್ಲಿ, ಟೀ ಅಂಗಡೀಲಿ ಬೇಡ, ಮನೇಲಿ ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ. ಪೆನ್ನು, ಕಾಗದ, ಅಷ್ಟೇ. ಫೋಟೋ ಇಲ್ಲ, ನೋಟ್ಸ್ ಆಪ್ ಇಲ್ಲ, ನಿಮಗೆ ನೀವೇ ಮೇಲ್ ಮಾಡ್ಕೊಳ್ಳೋದೂ ಇಲ್ಲ. ಬಿಐಪಿ 39 ಪಟ್ಟೀಲಿ ಒಟ್ಟು 2048 ಪದ ಇವೆ, ಕನ್ನಡದ ಪಟ್ಟಿ ಇಲ್ಲ, ಇಂಗ್ಲಿಷಲ್ಲೇ ಬರೀಬೇಕು. ಕನ್ನಡಕ್ಕೆ ಅನುವಾದ ಮಾಡಿ ಬಚ್ಚಿಡ್ತೀನಿ ಅಂತ ಒಬ್ಬರು ಹೇಳಿದ್ರು, ಬೇಡ, ಒಂದೇ ಅರ್ಥಕ್ಕೆ ಇಂಗ್ಲಿಷಲ್ಲಿ ನಾಲ್ಕು ಪದ ಇರುತ್ತೆ, ಐದು ವರ್ಷ ಆದ್ಮೇಲೆ ಯಾವ್ದು ಅಂತ ನೆನಪಾಗಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ಕಷ್ಟ ಅನ್ನೋರಿಗೆ ಒಂದು ಸಮಾಧಾನ, ಪಟ್ಟೀಲಿ ಮೊದಲ ನಾಲ್ಕು ಅಕ್ಷರ ಒಂದೇ ಆಗಿರೋ ಎರಡು ಪದ ಇಲ್ಲ, ನಾಲ್ಕು ಅಕ್ಷರ ಸ್ಪಷ್ಟವಾಗಿ ಬರೆದಿದ್ರೂ ಪದ ಗೊತ್ತಾಗುತ್ತೆ. ಕ್ರಮ ಮಾತ್ರ ಹೆಚ್ಚುಕಮ್ಮಿ ಆಗಬಾರದು, ನಂಬರ್ ಹಾಕಿ.

ಎರಡು ಕಾಪಿ ಬರೀರಿ, ಎರಡು ಬೇರೆ ಬೇರೆ ಮನೇಲಿ ಇಡಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಗೆದ್ದಲು ಕಾಟ, ಮಳೆಗಾಲದಲ್ಲಿ ಬೀರು ಒಳಗೂ ತೇವ, ಪೇಪರ್ ಒಂದೇ ಇದ್ರೆ ಅದರ ಗತಿ ಗೊತ್ತಲ್ಲ. ದೊಡ್ಡ ಮೊತ್ತ ಇರೋರು ಸ್ಟೀಲ್ ತಗಡಿನ ಮೇಲೆ ಅಕ್ಷರ ಕುಟ್ಟಿ ಇಟ್ಕೊತಾರೆ, ಬೆಂಕಿಗೂ ತಡೆಯುತ್ತೆ, ಕುಟ್ಟೋ ಕೆಲಸ ಬೇರೆಯವರಿಗೆ ಕೊಡಬಾರದು ಅಷ್ಟೇ. ನಮ್ಮ ನರಸಾಪುರದ ಹುಡುಗ ಒಂದು ವಾರ ಬಿಟ್ಟು ಬಂದಿದ್ದ, ಈ ಸಲ ಲ್ಯಾಮಿನೇಷನ್ ಪೌಚ್ ಒಂದು ಮಾತ್ರ ತಗೊಂಡು ಹೋದ, ಮನೇಲಿ ಇಸ್ತ್ರಿ ಪೆಟ್ಟಿಗೇಲಿ ತಾನೇ ಒತ್ಕೊತೀನಿ ಅಂತ. ನನಗೆ ಅವತ್ತು ಬಹಳ ಖುಷಿ ಆಯ್ತು.

ದುಡ್ಡು ಹಾಕೋಕೆ ಮುಂಚೆ ಅಳಿಸಿ ನೋಡಿ

ಖಾಲಿ ವ್ಯಾಲೆಟ್ ಇರೋವಾಗ್ಲೇ ಅದರ ರಿಸೀವ್ ಅಡ್ರೆಸ್ ಬರೆದಿಟ್ಕೊಂಡು ಆಪ್ ಡಿಲೀಟ್ ಮಾಡಿ. ಮತ್ತೆ ಹಾಕಿ, ಕಾಗದ ನೋಡ್ಕೊಂಡು ಪದ ಹಾಕಿ, ಅದೇ ಅಡ್ರೆಸ್ ಬಂತಾ ನೋಡಿ. ಬಂದ್ರೆ ನಿಮ್ಮ ಬರಹ ಸರಿ ಇದೆ. ಈ ಹತ್ತು ನಿಮಿಷದ ಕೆಲಸ ಬಿಟ್ಟು, ಫೋನ್ ಕೆಟ್ಟ ದಿನ ಏಳನೇ ಪದ ಓದೋಕಾಗದೆ ನಮ್ಮ ಅಂಗಡೀಲಿ ಅತ್ತವರನ್ನ ನೋಡಿದೀನಿ.

ಆಮೇಲೆ ನೂರು ಇನ್ನೂರು ರೂಪಾಯಿಯಷ್ಟು, ಇಲ್ಲ ಎಕ್ಸ್‌ಚೇಂಜ್ ಬಿಡೋ ಕನಿಷ್ಠ ಮೊತ್ತ ಕಳಿಸಿ ನೋಡಿ, ಬಂದ್ಮೇಲೆ ಉಳಿದಿದ್ದು. ಅಡ್ರೆಸ್ ಯಾವತ್ತೂ ಕೈಯಲ್ಲಿ ಟೈಪ್ ಮಾಡ್ಬೇಡಿ, ಕಾಪಿ ಪೇಸ್ಟ್ ಮಾಡಿ ಇಲ್ಲಾಂದ್ರೆ ಕ್ಯೂಆರ್ ಸ್ಕ್ಯಾನ್ ಮಾಡಿ, ಆದ್ರೆ ಕಾಪಿ ಆದ್ಮೇಲೆ ಅಡ್ರೆಸ್ ಬದಲಾಯಿಸೋ ವೈರಸ್ ಇವೆ, ಅದಕ್ಕೆ ಮೊದಲು, ಮಧ್ಯ, ಕೊನೆ ಮೂರೂ ಕಡೆ ಅಕ್ಷರ ತಾಳೆ ನೋಡಿ. ಹಳೇ ಹಿಸ್ಟರಿಯಿಂದ ಅಡ್ರೆಸ್ ಎತ್ಕೋಬೇಡಿ, ಮೊದಲೂ ಕೊನೆಯೂ ನಿಮ್ಮದರ ತರಾನೇ ಇರೋ ಅಡ್ರೆಸ್‌ನಿಂದ ಬಿಡಿಗಾಸು ಕಳಿಸಿ ಹಿಸ್ಟರೀಲಿ ಕೂತ್ಕೊಳ್ಳೋ ಮೋಸಗಾರರಿದಾರೆ. ನೆಟ್‌ವರ್ಕ್ ಅಂದ್ರೆ ಕಾಯಿನ್ ಓಡಾಡೋ ಬ್ಲಾಕ್‌ಚೈನ್, ಅದು ಎರಡೂ ಕಡೆ ಒಂದೇ ಇರ್ಬೇಕು, ಡಾಲರ್ ಬೆಲೆಗೆ ಕಟ್ಟಿರೋ ಕಾಯಿನ್ ಯುಎಸ್‌ಡಿಟಿ ಇಥೀರಿಯಂನಲ್ಲೂ ಇದೆ, ಟ್ರಾನ್‌ನಲ್ಲೂ ಇದೆ. ಆ ಯುಎಸ್‌ಡಿಟಿ ವಾಪಸ್ ಕಳಿಸೋಕೆ ಫೀಸ್ ಕಟ್ಬೇಕಲ್ಲ, ಅದು ಆ ನೆಟ್‌ವರ್ಕ್‌ನ ಕಾಯಿನ್‌ನಲ್ಲೇ, ಹಾಗಾಗಿ ಇಥೀರಿಯಂ ಆದ್ರೆ ಸ್ವಲ್ಪ ಈಥರ್, ಟ್ರಾನ್ ಆದ್ರೆ ಸ್ವಲ್ಪ ಟ್ರಾನ್ ಕಾಯಿನ್ ವ್ಯಾಲೆಟ್‌ನಲ್ಲಿ ಇಟ್ಟಿರಿ, ಇಲ್ಲಾಂದ್ರೆ ದುಡ್ಡು ಕಣ್ಣಿಗೆ ಕಾಣುತ್ತೆ, ಕದಲಲ್ಲ.

ಹೊಸ ಹೊಸ ಸೈಟ್‌ಗಳಿಗೆ ವ್ಯಾಲೆಟ್ ಕನೆಕ್ಟ್ ಮಾಡಿ ನೋಡೋ ಆಸೆ ಇದ್ರೆ ಅದಕ್ಕೆ ಬೇರೆ ಸೀಡ್ ಇರೋ ಇನ್ನೊಂದು ಚಿಕ್ಕ ವ್ಯಾಲೆಟ್ ಇಟ್ಕೊಳ್ಳಿ. ಅಲ್ಲಿ ಅಪ್ರೂವ್ ಒತ್ತಿದ್ರೆ ನೀವು ಪದ ಕೊಡದೇನೇ ಆ ಸೈಟ್‌ನವರಿಗೆ ನಿಮ್ಮ ಕಾಯಿನ್ ಎತ್ಕೊಂಡು ಹೋಗೋಕೆ ಪರ್ಮಿಷನ್ ಕೊಟ್ಟಂಗೆ ಆಗಬಹುದು.

ಸೀಡ್ ಫ್ರೇಸ್ ಕೇಳೋ ಕಸ್ಟಮರ್ ಕೇರ್ ಯಾರೇ ಆಗ್ಲಿ ಕಳ್ಳರು. ಮೋಸ ಆಯ್ತು ಅಂತ ಗೊತ್ತಾದ ತಕ್ಷಣ ಉಳಿದ ಕಾಯಿನ್ ಹೊಸ ವ್ಯಾಲೆಟ್‌ಗೆ ದಾಟಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಗೂ ಹೋಗಿ. ಆಮೇಲೆ "ರಿಕವರಿ ಮಾಡ್ಕೊಡ್ತೀವಿ, ಫೀಸ್ ಕಟ್ಟಿ" ಅಂತ ಬರೋರು ಎರಡನೇ ಕಳ್ಳರು.

ಲೆಕ್ಕ ಮತ್ತು ಮನೆಯವರು

ಮಾರಿದಾಗ ಬಂದ ಲಾಭಕ್ಕೆ 30 ಪರ್ಸೆಂಟ್ ತೆರಿಗೆ 2022ರ ಏಪ್ರಿಲ್‌ನಿಂದ ಇದೆ, ಅದೇ ವರ್ಷ ಜುಲೈನಿಂದ ಮಾರಿದ ಮೊತ್ತದ ಮೇಲೆ 1 ಪರ್ಸೆಂಟ್ ಟಿಡಿಎಸ್, ಅಂದ್ರೆ ಮೊದಲೇ ಹಿಡ್ಕೊಳ್ಳೋ ತೆರಿಗೆ. ನಿಮ್ಮ ಎಕ್ಸ್‌ಚೇಂಜ್‌ನಿಂದ ನಿಮ್ಮದೇ ವ್ಯಾಲೆಟ್‌ಗೆ ಹಾಕೋದು ಮಾರಾಟ ಅಲ್ಲ, ಆದ್ರೂ ಯಾವ ದಿನ, ಎಷ್ಟಕ್ಕೆ ಕೊಂಡಿದ್ದು, ಎಲ್ಲಿಗೆ ಕಳಿಸಿದ್ದು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ.

ಕೊನೇದಾಗಿ, ಬ್ಯಾಂಕ್ ಪಾಸ್‌ಬುಕ್‌ಗೆ ನಾಮಿನಿ ಇರ್ತಾರೆ, ಸ್ವಂತ ವ್ಯಾಲೆಟ್‌ಗೆ ಇಲ್ಲ. ನಿಮಗೆ ಏನಾದ್ರೂ ಆದ್ರೆ ಮನೆಯವರಿಗೆ ಆ ಕಾಗದ ಏನು ಅಂತಾನೇ ಗೊತ್ತಾಗದೆ ಹಳೇ ಪೇಪರ್ ಜೊತೆ ಹೋಗಿಬಿಡುತ್ತೆ. ನಾನು ಒಂದು ಕವರ್‌ನಲ್ಲಿ ಯಾವ ವ್ಯಾಲೆಟ್, ಯಾವ ಕಾಯಿನ್, ಪದದ ಕಾಗದ ಎಲ್ಲಿದೆ, ಯಾರಿಗೂ ಓದಿ ಹೇಳಬಾರದು ಅಂತ ಕನ್ನಡದಲ್ಲಿ ಬರೆದು ಮುಳಬಾಗಿಲಿನಲ್ಲಿರೋ ನಮ್ಮಕ್ಕನ ಹತ್ರ ಕೊಟ್ಟಿದೀನಿ. ಪದಗಳು ಆ ಕವರ್‌ನಲ್ಲಿ ಇಲ್ಲ.